ಗಡಿಗೆ ಆಡಿದ ಮಾತು

ಮೂರನೆಯ ಪಟ್ಟಿಯ ಬಕಲ್ಲಿನ ಸಂದಿಯಲ್ಲಿ ಒಣಗಿ ಕೂತಿದ್ದ ಗಂಜಿಯನ್ನು ಕಡ್ಡಿಯಿಂದ ಕೆರೆದು ತೆಗೆಯುತ್ತಿದ್ದೆ. ಎರಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಹಗ್ಗಕ್ಕೆ ಹಾಕಿಯಾಗಿತ್ತು, ಇನ್ನೆರಡು ಬಾಕಿ. ಸೋಮವಾರದ ಕೆಲಸ ಅದು. ಕುತ್ತಿಗೆಗೆ ಕಟ್ಟುವ ಪಟ್ಟಿ ಎಂದರೆ ಬೆವರು, ಗಂಜಿ, ಜೊಲ್ಲು ಎಲ್ಲ ಇಳಿಯುವುದು ಅದರ ಮೇಲೆಯೇ. ಒಳಮೈಯ ತಾಮ್ರದ ಚುಕ್ಕೆಗಳ ಮೇಲೆ ಇಷ್ಟೇ ಇಷ್ಟು ಕೊಳೆ ಕೂತರೂ ಮಾತು ಕೆಡುತ್ತದೆ.

ಮಲ್ಲೇಶಿ ಬಂದದ್ದು ಆಗ. ಬಸ್ ಡಿಪೋದ ಮೆಕ್ಯಾನಿಕ್ ಅವನು, ಮಾತು ಕಳೆದುಕೊಂಡ ನಮ್ಮ ಐವರಲ್ಲಿ ನಾಲ್ಕನೆಯ ನಂಬರಿನ ಬಾಳವ್ವನ ಮಗ. ಅವ್ವನ ಸ್ಪೀಕರ್ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದವನು ಅದನ್ನು ಮೇಜಿನ ಮೇಲೆ ಕುಕ್ಕಿದ.

“ದ್ಯಾಮಕ್ಕಾರ, ಅದನ್ನ ಅತ್ತಾಗ ಇಡ್ರಿ. ಮೊದಲ ಇದನ್ನ ಕೇಳ್ರಿ.”

ಆಡಿದ್ದನ್ನು ತಿರುಗಿ ಕೇಳಿಸುವ ಗುಂಡಿ ಒತ್ತಿದ. ಬಾಳವ್ವನ ದನಿ. ಯಾರದೋ ಮದುವೆಯಲ್ಲಿ ಆಕೆ ಹಾಡಿದ ಸೋಬಾನೆಯ ಹಳೆಯ ರೆಕಾರ್ಡಿನಿಂದ ನಾನೇ ಕಟ್ಟಿಕೊಟ್ಟ ದನಿ ಅದು.

“ಅಕಿ ನನಗ ಗುಳಿಗಿ ಕೊಡಂಗಿಲ್ಲ. ಮುಚ್ಚಿ ಇಡ್ತಾಳ.”

ಮಲ್ಲೇಶಿ ಇನ್ನೊಮ್ಮೆ ಒತ್ತಿದ. ಅದೇ ಮಾತು.

“ನಾಕ ದಿನದಾಗ ಆರ ಸಲ ಅಂದಾಳ. ದವಾಖಾನಿ ನರ್ಸಬಾಯಾರ ಮುಂದೂ ಅಂದ್ಳು. ಅವರು ಬರಕೊಂಡ ಹೋದ್ರು.”

“ಅಕಿ ಅಂದ್ರ ಯಾರು?”

“ಮನ್ಯಾಗ ಎಷ್ಟ ಮಂದಿ ಅಕಿಗೋಳು ಅದಾರ್ರಿ? ನನ್ನ ಮಗಳಿಗೆ ಐದ ವರ್ಷ. ಉಳದಾಕಿ ಒಬ್ಬಾಕಿನ.”

ಉಳಿದವಳು ಎಂದರೆ ಅವನ ಹೆಂಡತಿ ಕಸ್ತೂರಿ. ಹಿಂದಿನ ದಿನವೇ ಅವಳನ್ನು ಅಣ್ಣಿಗೇರಿಯ ಬಸ್ಸು ಹತ್ತಿಸಿ ಅವಳ ಅಣ್ಣನ ಮನೆಗೆ ಕಳಿಸಿದ್ದನಂತೆ. ಮಗುವನ್ನು ಬಿಟ್ಟುಕೊಟ್ಟಿರಲಿಲ್ಲ.

“ಕಸ್ತೂರಿ ಏನಂದ್ಳು?”

“ಏನಂತಾಳ? ದೇವರಾಣಿ ಕೊಟ್ಟೀನಿ ಅಂದ್ಳು. ಕಳವು ಮಾಡಿದವರು ಎಲ್ಲಾರೂ ಅದನ್ನ ಅಂತಾರ.”

ನಾನು ಪಟ್ಟಿಯನ್ನು ಕೆಳಗಿಟ್ಟೆ. ಆ ಕ್ಷಣ ನನಗೂ ಕಸ್ತೂರಿಯ ಮೇಲೇ ಸಂಶಯ ಬಂತು. ಮನುಷ್ಯರು ಸುಳ್ಳು ಹೇಳುತ್ತಾರೆ, ಯಂತ್ರಕ್ಕೆ ಸುಳ್ಳು ಹೇಳಿ ಆಗಬೇಕಾದದ್ದೇನು ಎಂದುಕೊಂಡೆ.

*

ಯಂತ್ರ ಎಂದರೆ ಬೆಟಗೇರಿಯ ಒಂದು ಹಳೆಯ ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ, ನನ್ನ ಮೇಜಿನ ಮೇಲಿರುವ ಕಂಪ್ಯೂಟರು. ದೊಡ್ಡದೇನಲ್ಲ, ಶಾಲೆಯಲ್ಲಿ ಇಡುವಂಥದ್ದೇ. ಊರಿನ ಐದು ಜನ ಮಾತು ಕಳೆದುಕೊಂಡವರು ಅದರ ಮೂಲಕ ಮಾತಾಡುತ್ತಾರೆ. ನಾಲಿಗೆ ಏಳದಿದ್ದರೂ, ಮಾತಾಡಬೇಕು ಎಂದು ಮನಸ್ಸು ಮಾಡಿದಾಗ ಗಂಟಲಿನ ನರ ಸಣ್ಣಗೆ ಮಿಡಿಯುತ್ತದೆ. ಪಟ್ಟಿ ಆ ಮಿಡಿತವನ್ನು ಹಿಡಿದು ನನ್ನ ಕಂಪ್ಯೂಟರಿಗೆ ಕಳಿಸುತ್ತದೆ. ಕಂಪ್ಯೂಟರು ಅದನ್ನು ಮಾತು ಮಾಡಿ ಅವರ ಮನೆಯ ಸ್ಪೀಕರ್ ಡಬ್ಬಿಗೆ ತಿರುಗಿ ಕಳಿಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಈ ಕೆಲಸ ಮಾಡುವ ಕಾರ್ಯಕ್ರಮವನ್ನು ಬರೆದಿರುವುದು ‘ಸೂತ್ರ’ ಎಂಬ ಸ್ಕ್ರಿಪ್ಟ್ ಭಾಷೆಯಲ್ಲಿ. ಮನುಷ್ಯರ ಭಾಷೆಯ ಹಾಗೆ ಅದಕ್ಕೂ ವಯಸ್ಸಾಗುತ್ತದೆ. ಸೂತ್ರ ಮೂರನೆಯ ಆವೃತ್ತಿಗೆ ಅರ್ಥವಾಗುವ ಸಾಲು ನಾಲ್ಕನೆಯದಕ್ಕೆ ಆಗುವುದಿಲ್ಲ. ಅದರ ಜೊತೆಗೆ ಮಾಡ್ಯೂಲುಗಳು: ಗದ್ದಲ ಸೋಸುವುದು ಒಂದು, ಅಕ್ಷರ ಗುರುತಿಸುವುದು ಒಂದು, ದನಿ ಕೊಡುವುದು ಇನ್ನೊಂದು. ಬೇರೆ ಬೇರೆ ಜನ ಬರೆದು ಹಂಚಿದ ತುಂಡುಗಳು ಅವು. ಒಂದಕ್ಕೆ ಇನ್ನೊಂದರ ಇಂಥದೇ ಆವೃತ್ತಿ ಬೇಕು. ಒಂದನ್ನು ಕಿತ್ತರೆ ಅದಕ್ಕೆ ಆತುಕೊಂಡಿದ್ದ ಎರಡು ಬೀಳುತ್ತವೆ. ಅದಕ್ಕೇ ಐದು ಜನಕ್ಕೆ ಐದು ಖಾನೆ. ಪ್ರತಿ ಖಾನೆಯಲ್ಲಿ ಅವರವರ ಮೈಗೆ ಒಗ್ಗುವ ಸೂತ್ರದ ಆವೃತ್ತಿ, ಅವರವರ ಮಾಡ್ಯೂಲು. ಇದನ್ನು ಹೊಂದಿಸಿ ಇಡುವುದೇ ನನ್ನ ಉದ್ಯೋಗ.

ಗುರುವಾರ ಪತ್ರ ಬಂತು. ಜಿಲ್ಲೆಯ ಮಾತು-ನೆರವು ಸಮಿತಿಯದು. “ರೋಗಿ ಸಂಖ್ಯೆ ನಾಲ್ಕರ ಹೇಳಿಕೆ ಆಕೆಯದೇ ಹೌದೋ ಅಲ್ಲವೋ, ಅಲ್ಲದಿದ್ದರೆ ಅದು ಎಲ್ಲಿಂದ ಬಂತು ಎಂಬುದನ್ನು ನಿರ್ವಾಹಕಿ ಒಂದು ವಾರದೊಳಗೆ ಸಹಿ ಮಾಡಿದ ಪತ್ರದ ಮೂಲಕ ತಿಳಿಸತಕ್ಕದ್ದು.” ಹೌದು ಎಂದರೆ ಕಸ್ತೂರಿ ಇನ್ನು ರೋಗಿ ಇರುವ ಮನೆಯಲ್ಲಿ ಇರುವ ಹಾಗಿಲ್ಲ. ಮಗು ಇರುವುದೂ ಅದೇ ಮನೆಯಲ್ಲಿ.

ಹೌದು ಎಂದೇ ಬರೆದೆ. ಲಕೋಟೆಗೆ ಹಾಕುವ ಮೊದಲು ಯಂತ್ರದ ದಾಖಲೆಯಲ್ಲಿ ವೇಳೆ ನೋಡಿದೆ. ಆರಕ್ಕೆ ಆರು ಸಲವೂ ಮಧ್ಯಾಹ್ನ ಎರಡೂವರೆಯ ಆಸುಪಾಸು. ಬಾಳವ್ವನಿಗೆ ಮಧ್ಯಾಹ್ನ ಗುಳಿಗೆಯೇ ಇಲ್ಲ. ಬೆಳಿಗ್ಗೆ ಒಂದು, ರಾತ್ರಿ ಒಂದು. ಎರಡೂವರೆಗೆ ಆಕೆ ಊಟ ಮಾಡಿ ಮಲಗಿರುತ್ತಾಳೆ.

ಪತ್ರವನ್ನು ಡ್ರಾವರಿನಲ್ಲಿ ಇಟ್ಟೆ.

*

ಸಂಜೆ ಮನೆಗೆ ಹೋದಾಗ ನಮ್ಮವರು ಕಿಟಕಿಯ ಕಡೆ ಮುಖ ಮಾಡಿ ಕುರ್ಚಿಯಲ್ಲಿದ್ದರು. ಮೊದಲನೆಯ ನಂಬರು ಅವರೇ. ಇದೇ ಮುದ್ರಣಾಲಯದಲ್ಲಿ ಮೂವತ್ತು ವರ್ಷ ಮಷಿನ್‌ಮನ್ ಆಗಿದ್ದವರು. ಏಳು ವರ್ಷದಿಂದ ಸ್ನಾಯು ಬಿಗಿಯುವ ಕಾಯಿಲೆ. ಮೊದಲು ಕಾಲು ಬಿಗಿಯಿತು, ಆಮೇಲೆ ಕೈ, ಆಮೇಲೆ ನಾಲಿಗೆ. ನಾನು ಹೊರಗಿದ್ದಾಗ ಪಕ್ಕದ ಮನೆಯ ಹಸೀನಾಬಿ ಬಂದು ನೀರು ಗಂಜಿ ಕೊಟ್ಟು ಹೋಗುತ್ತಾರೆ.

“ಬಾ,” ಎಂದಿತು ಡಬ್ಬಿ.

“ಬಂದೆ. ಚಾ ಮಾಡ್ಲಿ?”

“ಚಾ.”

ಉಳಿದ ನಾಲ್ವರನ್ನೂ ಐದು ತಿಂಗಳ ಹಿಂದೆ ಸೂತ್ರ ನಾಲ್ಕಕ್ಕೆ ಏರಿಸಿದ್ದೆ. ನಮ್ಮವರನ್ನು ಮಾತ್ರ ಮೂರರಲ್ಲೇ ಉಳಿಸಿಕೊಂಡಿದ್ದೆ. ಮೂರು ಬಲು ಅಂಜುಬುರುಕ. ಮಿಡಿತ ಹತ್ತಕ್ಕೆ ಒಂಬತ್ತು ಪಾಲು ಖಚಿತವಾಗಿದ್ದರೆ ಮಾತ್ರ ಬಾಯಿ ಬಿಡುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ನಾಲ್ಕು ಹಾಗಲ್ಲ. ಹತ್ತಕ್ಕೆ ಮೂರು ಪಾಲು ಸಿಕ್ಕರೂ ಸಾಕು, ಉಳಿದದ್ದನ್ನು ‘ಪದ-ಊಹೆ’ ಎಂಬ ಮಾಡ್ಯೂಲಿನಿಂದ ತುಂಬಿಕೊಂಡು ಪೂರ್ತಿ ವಾಕ್ಯ ಆಡುತ್ತದೆ. ನಮ್ಮವರ ದನಿ ನಾಲ್ಕರಲ್ಲಿ ಒಡೆಯುತ್ತದೆ ಎಂದು ಕೇಳಿದವರಿಗೆಲ್ಲ ಹೇಳಿದ್ದೆ. ಒಡೆದದ್ದೇನೋ ನಿಜ, ಸ್ವಲ್ಪ.

ಚಹಾ ಕುಡಿಸುತ್ತ ಬಾಳವ್ವನ ಸುದ್ದಿ ಹೇಳಿದೆ. ಕಸ್ತೂರಿ ಗುಳಿಗೆ ಮುಚ್ಚಿಡುತ್ತಾಳಂತೆ ಎಂದೆ. ಅವರ ಕಣ್ಣು ನನ್ನ ಮೇಲೇ ನಿಂತಿತು. ಪಟ್ಟಿಯ ಕೆಳಗೆ ಗಂಟಲು ಒಂದೇ ಸಮ ಮಿಡಿಯತೊಡಗಿತು. ಡಬ್ಬಿಯಿಂದ ಏನೂ ಬರಲಿಲ್ಲ.

“ಆತ ಆತ,” ಎಂದು ಬಾಯಿ ಒರೆಸಿದೆ. “ಎದಿಗೆ ಹಚಗೋಬ್ಯಾಡ್ರಿ. ಮಂದಿ ಮನಿ ಮಾತು.”

*

ಹತ್ತನೆಯ ದಿನ ಕಸ್ತೂರಿಯೇ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಕೂರದೆ ನಿಂತಳು.

“ನಾ ಬಂದೀನಿ ಅಂತ ಅವರಿಗೆ ಹೇಳಬ್ಯಾಡ್ರಿ, ಅಕ್ಕಾರ.”

“ಹೇಳೂದಿಲ್ಲ. ಕುಂದ್ರು.”

“ಒಂದ ಮಾತ ಕೇಳತೀನಿ. ನಿಮ್ಮ ಮಿಷನ್ನು ಸುಳ್ಳ ಹೇಳತೈತೇನ್ರಿ?”

ಇಲ್ಲ ಎಂದೆ. ಅಷ್ಟು ಬೇಗ ಹೇಳಬಾರದಿತ್ತು. ಅವಳ ಮುಖ ಇಳಿದುಹೋಯಿತು.

“ಹಂಗಾರ ನಮ್ಮತ್ತಿ ಸುಳ್ಳ ಹೇಳ್ಯಾರ. ಇಲ್ಲಾ ನಾ ಸುಳ್ಳ ಹೇಳತೀನಿ. ಮೂರರಾಗ ಒಂದು.” ಚೀಲದಿಂದ ಖಾಲಿ ಗುಳಿಗೆ ಹಾಳೆಗಳ ಕಟ್ಟು ತೆಗೆದು ನನ್ನ ಮೇಜಿನ ಮೇಲಿಟ್ಟಳು. “ಏಳ ತಿಂಗಳವು. ಒಂದೂ ಒಗದಿಲ್ಲ ನಾನು. ಎಣಸ್ರಿ.”

ಎಣಿಸಿದೆ. ಸರಿಯಾಗಿತ್ತು. ಸರಿಯಾಗಿದ್ದದ್ದೇ ನನಗೆ ಸಂಶಯ ತಂದಿತು. ಖಾಲಿ ಹಾಳೆಯನ್ನು ಏಳು ತಿಂಗಳು ಕೂಡಿಡುವವರು ಯಾರು?

“ಯಾಕ ಇಟಗೊಂಡಿದ್ದಿ?”

“ನನ್ನ ಮಗಳು ಅಂಗಡಿ ಆಟ ಆಡತಾಳ್ರಿ ಇದರಾಗ,” ಎಂದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, “ನೀವೂ ನಂಬಲಿಲ್ಲ ಬಿಡ್ರಿ. ಮಿಷನ್ ನೋಡಕೊಳ್ಳಾರು ನೀವು, ನೀವರ ನಂಬಬೇಕಾಗಿತ್ತು,” ಎಂದು ಹಾಳೆಗಳನ್ನು ಬಾಚಿಕೊಂಡು ಹೋದಳು.

ಅವಳು ಹೋದ ಮೇಲೆ ಸಂಶಯ ಮಲ್ಲೇಶಿಯ ಕಡೆ ತಿರುಗಿತು. ಪಟ್ಟಿಯನ್ನು ಅವನೇ ಕಟ್ಟಿಕೊಂಡು ಅಂದಿರಬಹುದೇ? ಬಾಳವ್ವನ ಮನೆಗೆ ಹೋದೆ. ಆಕೆಯ ಎಡಗೈಯ ಬೆರಳು ಆಡುತ್ತದೆ. ಹೌದಾದರೆ ಒಂದು ಸಲ, ಅಲ್ಲವಾದರೆ ಎರಡು ಸಲ ಆಡಿಸು ಎಂದೆ. ಪಟ್ಟಿ ನಿಮಗೇ ಕಟ್ಟಿದ್ದರೇ? ಒಂದು ಸಲ. ಕಸ್ತೂರಿ ಗುಳಿಗೆ ಕೊಡುವುದಿಲ್ಲವೇ? ಎರಡು ಸಲ. ಗುಳಿಗೆಯ ಮಾತನ್ನು ಆಡಿದ್ದು ನೀವೇ? ಎರಡು ಸಲ. ಬಾಗಿಲಲ್ಲಿ ನಿಂತಿದ್ದ ಮಲ್ಲೇಶಿ, “ಅಂಜಿ ಹಂಗ ಮಾಡತಾಳ್ರಿ. ಸೊಸಿ ತಿರುಗಿ ಬಂದ್ರ ಗತಿ ಏನಂತ,” ಎಂದ. ಬೆರಳಿನ ಮಾತನ್ನು ಅವನು ನಂಬಲಿಲ್ಲ. ಡಬ್ಬಿಯ ಮಾತನ್ನು ನಂಬಿದ್ದ.

ಜಿಲ್ಲಾ ಕೇಂದ್ರದ ತಾಂತ್ರಿಕ ಅಧಿಕಾರಿ ನಸೀಮಾ ಮೇಡಮ್ಮಿಗೆ ಫೋನು ಮಾಡಿದೆ. ಹದಿನೆಂಟು ಊರಿನ ಯಂತ್ರ ನೋಡುವವರು, ಯಾವಾಗಲೂ ಅವಸರ.

“ಒಂದ ಕೆಲಸ ಮಾಡ್ರಿ ದ್ಯಾಮವ್ವಾರ. ಹಳೆ ಆವೃತ್ತಿ, ಹಳೆ ಮಾಡ್ಯೂಲು, ಹಳೆ ದಾಖಲೆ ಎಲ್ಲಾ ಅಳಿಸಿ ಹೊಸದು ಹಾಕ್ಕೊಂಡ್ಬಿಡ್ರಿ. ಎಲ್ಲಾ ಸರಿ ಹೋಗತದ.”

“ದಾಖಲಿ ಯಾಕ ಅಳಸ್ಬೇಕ್ರಿ?”

“ಜಾಗ ಸಾಲೂದಿಲ್ಲ, ಅದಕ್ಕ. ಯಾಕ, ಸಂಶಯಾ ಏನು?” ನಕ್ಕರು. “ಹಾಂ, ಇರ್ರಿ. ಪದ-ಊಹೆ ಎಲ್ಲಿ ಹಾಕೀರಿ? ಅವರವರ ಖಾನೆದಾಗನ ಹಾಕೀರಲ್ಲ?”

“ಅವರವರ ಖಾನೆದಾಗ,” ಎಂದೆ.

ಫೋನು ಇಟ್ಟ ಮೇಲೂ ಕೈ ಅದರ ಮೇಲೇ ಇತ್ತು. ನಾನು ಹೇಳಿದ್ದು ಸುಳ್ಳು.

*

ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸಿದ ಕೈ ನನ್ನದು. ಆಗ ಲಗ್ನಪತ್ರಿಕೆ ಎಂದರೆ ಹೆಸರು, ಊರು, ಮುಹೂರ್ತ ಮಾತ್ರ ಹೊಸದಾಗಿ ಜೋಡಿಸುವುದು. ‘ತಮ್ಮ ಆಗಮನವನ್ನೇ ಬಯಸುವ’ ಎಂಬಂಥ ಸಾಲುಗಳನ್ನು ದಾರದಲ್ಲಿ ಕಟ್ಟಿ ಒಂದು ತಟ್ಟೆಯಲ್ಲಿ ಇಟ್ಟಿರುತ್ತಿದ್ದೆವು. ಯಾರ ಮನೆಯ ಮದುವೆಯಾದರೂ ಅದೇ ಸಾಲು ಎತ್ತಿ ಕೂರಿಸುವುದು. ಒಂದೇ ಸಾಲನ್ನು ಐದು ಸಲ ಜೋಡಿಸಿದರೆ ಫೋರ್‌ಮನ್ ಬೈಯುತ್ತಿದ್ದ.

ಐದು ತಿಂಗಳ ಹಿಂದೆ ಪದ-ಊಹೆ ಬಂದಾಗ ನೆಟ್ಟು ತೆವಳುತ್ತಿತ್ತು. ಒಂದು ಸಲ ಇಳಿಸಿಕೊಳ್ಳುವುದಕ್ಕೇ ಅರ್ಧ ದಿನ ಹಿಡಿಯಿತು. ಒಂದೊಂದು ಖಾನೆಗೂ ಬೇರೆ ಬೇರೆ ಹಾಕತಕ್ಕದ್ದು ಎಂದು ಸುತ್ತೋಲೆಯಲ್ಲಿ ಇತ್ತು. ಓದಿದ್ದೆ. ಓದಿಯೂ ಒಂದನ್ನೇ ಸಾಮಾನ್ಯ ಖಾನೆಯಲ್ಲಿ ಹಾಕಿ, ಐದು ಜನಕ್ಕೂ ಅಲ್ಲಿಂದಲೇ ದಾರಿ ಕೊಟ್ಟಿದ್ದೆ. ಕಟ್ಟಿಟ್ಟ ಸಾಲು ಎಲ್ಲರಿಗೂ ಒಂದೇ ಅಲ್ಲವೇ ಎಂದು.

ಪದ-ಊಹೆ ಕೆಲಸ ಮಾಡುವ ಬಗೆ ಹೀಗೆ. ಒಬ್ಬ ಮನುಷ್ಯ ಮತ್ತೆ ಮತ್ತೆ ಆಡಲು ಯತ್ನಿಸುವ ಮಾತನ್ನು, ಡಬ್ಬಿಯಿಂದ ಹೊರಬೀಳದಿದ್ದರೂ, ಅದು ಕಲಿತು ಎತ್ತಿಡುತ್ತದೆ. ಮುಂದೆ ಮಿಡಿತ ಅರ್ಧಂಬರ್ಧ ಬಂದಾಗ, ಎತ್ತಿಟ್ಟದ್ದರಲ್ಲಿ ಹತ್ತಿರದ್ದನ್ನು ಹುಡುಕಿ ಕೂರಿಸುತ್ತದೆ. ಅವರವರ ಖಾನೆಯಲ್ಲಿದ್ದರೆ ಅವರವರ ಮಾತು. ಸಾಮಾನ್ಯ ಖಾನೆಯಲ್ಲಿದ್ದರೆ?

ಪರೀಕ್ಷೆ ಮಾಡುವ ಮನಸ್ಸಾಗಲಿಲ್ಲ. ಒಂದು ವಾರ ಹಾಗೇ ಕಳೆದೆ.

ಕೊನೆಗೆ ಒಂದು ಬುಧವಾರ ಬಾಗಿಲು ಮುಂದಕ್ಕೆ ಹಾಕಿ ಕೂತೆ. ಯಾರದೂ ಅಲ್ಲದ ಆರನೆಯ ಖಾನೆ ಕಟ್ಟಿದೆ. ಅದರಲ್ಲಿ ಸೂತ್ರ ನಾಲ್ಕನ್ನು ಹಾಕಿ ಪದ-ಊಹೆಗೆ ಸಾಮಾನ್ಯ ಖಾನೆಯ ದಾರಿ ಕೊಟ್ಟೆ. ಪಟ್ಟಿ ಸರಿಯಿದೆಯೋ ಇಲ್ಲವೋ ನೋಡಲು ನಾವು ಅದನ್ನು ನೀರಿನ ಗಡಿಗೆಗೆ ಕಟ್ಟುವುದು ರೂಢಿ. ಒದ್ದೆ ಮಣ್ಣಿಗೆ ನರವಿಲ್ಲ. ಪರದೆಯ ಮೇಲೆ ಗೆರೆ ಸಪಾಟಾಗಿ ಓಡಿದರೆ ಪಟ್ಟಿ ಸರಿ ಎಂದು ಲೆಕ್ಕ. ಮೂಲೆಯ ಗಡಿಗೆಗೆ ಒದ್ದೆ ಬಟ್ಟೆ ಸುತ್ತಿ, ಬಿಡಿ ಪಟ್ಟಿಯನ್ನು ಅದರ ಕುತ್ತಿಗೆಗೆ ಬಿಗಿದೆ. ಪಕ್ಕದ ಕೋಣೆಯಲ್ಲಿ ಅಚ್ಚಿನ ಮಷಿನ್ನು ಧಡಕ್ ಧಡಕ್ ಓಡುತ್ತಿತ್ತು. ಅದರ ಅದುರಿಗೆ ಗಡಿಗೆಯ ನೀರು ಸಣ್ಣಗೆ ಕಂಪಿಸಿತು. ಪರದೆಯ ಗೆರೆ ಕೂದಲಿನಷ್ಟು ಎದ್ದಿತು.

ದನಿ ಕೊಡದ ಖಾನೆಗೆ ಯಂತ್ರದ್ದೇ ಒಂದು ದನಿ ಇರುತ್ತದೆ, ಗಂಡೂ ಅಲ್ಲ ಹೆಣ್ಣೂ ಅಲ್ಲ.

“ಅಕಿ ನನಗ ಗುಳಿಗಿ ಕೊಡಂಗಿಲ್ಲ,” ಎಂದಿತು ಗಡಿಗೆ. “ಮುಚ್ಚಿ ಇಡ್ತಾಳ.”

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಮಷಿನ್ನು ಓಡುತ್ತಲೇ ಇತ್ತು. ಗಡಿಗೆ ಇನ್ನೊಮ್ಮೆ ಅಂದಿತು. ಮತ್ತೊಮ್ಮೆ ಅಂದಿತು. ಗುಳಿಗೆಯ ಮಾತು ಬಾಳವ್ವನ ಗಂಟಲಿನದಲ್ಲ. ಎರಡೂವರೆಗೆ ಊಟವಾಗಿ ನಿದ್ದೆಗೆ ಜಾರುವಾಗ ಆಕೆಯ ಮಿಡಿತವೂ ಈ ಗಡಿಗೆಯದರಷ್ಟೇ ಸಡಿಲ. ಎತ್ತಿಟ್ಟದ್ದರಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಯಾರೋ ಯತ್ನಿಸಿದ ಮಾತು ಅದಾದ್ದರಿಂದ, ಸಡಿಲ ಸಿಕ್ಕಲ್ಲೆಲ್ಲ ಅದೇ ಬಂದು ಕೂರುತ್ತಿತ್ತು.

ಹಾಗಾದರೆ ಯಾರೋ ಒಬ್ಬರು ನಿಜವಾಗಿಯೂ ಅದನ್ನು ಹೇಳುತ್ತಿದ್ದಾರೆ. ಐದು ಮನೆಯಲ್ಲಿ ಒಂದು ಮನೆಯಲ್ಲಿ ಗುಳಿಗೆ ಮುಚ್ಚಿಡುವವಳು ಇದ್ದಾಳೆ.

ಸಾಮಾನ್ಯ ಖಾನೆಯ ಕಡತ ತೆರೆದೆ. ವಾಕ್ಯದ ಎದುರಿಗೆ ಬರೆದಿತ್ತು: ಮೂಲ, ನಂಬರ್ ಒಂದು. ಯತ್ನ, ಇನ್ನೂರ ಹದಿನಾರು. ಮೂಲದ ಸ್ಪೀಕರಿಗೆ ಹೋದದ್ದು, ಸೊನ್ನೆ.

*

ಆ ವಿಷಯ ಹೇಳಿಬಿಡುತ್ತೇನೆ. ಸ್ನಾಯು ಸಡಿಲಿಸುವ ಗುಳಿಗೆಯನ್ನು ನಮ್ಮವರಿಗೆ ದಿನಕ್ಕೆ ಮೂರು ಹೊತ್ತು ಕೊಡಲು ಡಾಕ್ಟರು ಹೇಳಿದ್ದರು. ಮಧ್ಯಾಹ್ನದ್ದು ತೆಗೆದುಕೊಂಡರೆ ಅವರು ಸಂಜೆ ಏಳರವರೆಗೂ ಮಂಪರಿನಲ್ಲಿ ಇರುತ್ತಿದ್ದರು. ನಾನು ಐದಕ್ಕೆ ಮನೆಗೆ ಹೋದರೆ ತೂಗುವ ತಲೆಯೊಂದು ಕುರ್ಚಿಯಲ್ಲಿ. ನಾಲ್ಕು ತಿಂಗಳ ಹಿಂದೆ ಮಧ್ಯಾಹ್ನದ ಗುಳಿಗೆಯನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟೆ. ಡಾಕ್ಟರೇ ಅದನ್ನು ಬಿಡಿಸಿದ್ದಾರೆ ಎಂದು ಹಸೀನಾಬಿಗೆ ಹೇಳಿದೆ. ಅಂದಿನಿಂದ ಐದಕ್ಕೆ ಹೋದರೆ “ಬಾ” ಎನ್ನುತ್ತಿದ್ದರು, “ಚಾ” ಎನ್ನುತ್ತಿದ್ದರು. ನಾನು ಅದನ್ನು ಸುಖ ಎಂದುಕೊಂಡಿದ್ದೆ.

ಅವರು ಇನ್ನೂರ ಹದಿನಾರು ಸಲ ದೂರು ಕೊಟ್ಟಿದ್ದರು. ಅಂಜುಬುರುಕ ಸೂತ್ರ ಮೂರು ಅದನ್ನು ನುಂಗಿಕೊಂಡಿತ್ತು. ಮೂರರಲ್ಲೇ ಅವರನ್ನು ಇಟ್ಟವಳು ನಾನು.

ಆ ದಿನವೇ ಮಧ್ಯಾಹ್ನದ ಗುಳಿಗೆ ಮತ್ತೆ ಶುರು ಮಾಡಿದೆ. ಪದ-ಊಹೆಯನ್ನು ಸಾಮಾನ್ಯ ಖಾನೆಯಿಂದ ಕಿತ್ತೆ. ಬಾಳವ್ವನ ಡಬ್ಬಿ ಅಂದಿನಿಂದ ಗುಳಿಗೆಯ ಸುದ್ದಿ ಎತ್ತಲಿಲ್ಲ. ಆದರೆ ಮಲ್ಲೇಶಿ ಹೆಂಡತಿಯನ್ನು ಕರೆತರಲಿಲ್ಲ. ಅಪರಾಧಿ ಮನೆ ಬಿಟ್ಟ ಮೇಲೆ ದೂರು ನಿಂತಿತು ಎಂದು ಅವನ ಲೆಕ್ಕ. ಓಣಿಯವರದೂ ಅದೇ ಲೆಕ್ಕ.

ಹೌದು ಎಂದ ಪತ್ರವನ್ನು ಡ್ರಾವರಿನಲ್ಲೇ ಬಿಟ್ಟು ಹೊಸದು ಬರೆದೆ. “ತಾಂತ್ರಿಕ ದೋಷದಿಂದ ವಾಕ್ಯ ಉಂಟಾಗಿದೆ.” ಸಹಿ ಮಾಡುವ ಮೊದಲು ಮಲ್ಲೇಶಿಯನ್ನು ಕರೆದು ಓದಿ ತೋರಿಸಿದೆ. ಮಗುವೂ ಜೊತೆಗಿತ್ತು. ಅಪ್ಪ ಹಾಕಿದ ಜಡೆ, ಒಂದು ಮೇಲೆ ಒಂದು ಕೆಳಗೆ.

“ದೋಷ ಅಂದ್ರ ಏನ್ರಿ? ಇಂಜಿನ್ ಕೆಟ್ರ ಹೊಗಿ ಬರತೈತಿ. ಮಾತ ಬರತೈತೇನು? ಗುಳಿಗಿ, ಮುಚ್ಚಿಡೂದು, ಎಲ್ಲಾ ನೆಟ್ಟಗ ಹೇಳೇತಿ. ಆ ಮಾತ ಎಲ್ಲಿಂದ ಬಂತು, ಅದನ್ನ ಹೇಳ್ರಿ.”

“ಬ್ಯಾರೆ ಕಡಿಂದ ಬಂದೈತಿ.”

“ಯಾವ ಕಡಿಂದ?”

ನಾನು ಪತ್ರವನ್ನು ಮಡಿಸಿದೆ.

“ನೋಡ್ರಿ,” ಎಂದ ಅವನು. “ನಿಮಗೂ ಅಕಿ ಮ್ಯಾಲೆ ಅಂತಃಕರಣ ಬಂದೇತಿ. ಉಳಸಬೇಕಂತ ಮಾಡೀರಿ.”

ಮಗು ನನ್ನ ಸೆರಗು ಹಿಡಿದು, “ಅವ್ವ ನಿಮ್ಮ ಮಿಷನ್‌ದಾಗ ಅದಾಳೇನ್ರಿ, ಅಮ್ಮಾ?” ಎಂದು ಕೇಳಿತು. ಅಪ್ಪ ಅದರ ತೋಳು ಹಿಡಿದು ಎಳೆದುಕೊಂಡು ಹೋದ.

ಮೊದಲ ಗಡುವು ದಾಟಿದ್ದಕ್ಕೆ ಸಮಿತಿಯಿಂದ ಎರಡನೆಯ ಪತ್ರ ಬಂತು. ಮುಂದಿನ ಶುಕ್ರವಾರದೊಳಗೆ ಉತ್ತರ ಬಾರದಿದ್ದರೆ ಹೇಳಿಕೆ ರೋಗಿಯದೇ ಎಂದು ಪರಿಗಣಿಸಲಾಗುವುದು. ಅಷ್ಟರಲ್ಲಿ ನನ್ನ ಡ್ರಾವರಿನಲ್ಲಿ ಮೂರು ಪತ್ರಗಳಿದ್ದವು. ಮೂರನೆಯದರಲ್ಲಿ ಎಲ್ಲ ಇತ್ತು: ಸಾಮಾನ್ಯ ಖಾನೆ, ಗಡಿಗೆಯ ಪರೀಕ್ಷೆ, ನಸೀಮಾ ಮೇಡಮ್ಮಿಗೆ ಹೇಳಿದ ಸುಳ್ಳು, ನಂಬರ್ ಒಂದು, ಅಕ್ಕಿ ಡಬ್ಬಿ. ಅದು ಹೋದರೆ ನಾನು ಈ ಕುರ್ಚಿಯಲ್ಲಿ ಇರುವುದಿಲ್ಲ. ಅದಕ್ಕೆ ಅಂಜಿರಲಿಲ್ಲ ಎಂದರೆ ಯಾರೂ ನಂಬಬೇಡಿ. ಆದರೆ ಹೆಚ್ಚಿನ ಅಂಜಿಕೆ ಬೇರೆಯಿತ್ತು. ಕಸ್ತೂರಿಗೆ ಹಾಕಲು ಹೊರಟಿದ್ದ ನಿಯಮವೇ ನನಗೂ ಬರುತ್ತದೆ. ಗುಳಿಗೆ ಮುಚ್ಚಿಟ್ಟವಳು ರೋಗಿ ಇರುವ ಮನೆಯಲ್ಲಿ ಇರುವ ಹಾಗಿಲ್ಲ. ನಮ್ಮವರನ್ನು ಆಶ್ರಮಕ್ಕೆ ಒಯ್ಯಬಹುದು.

*

ಗುರುವಾರ ರಜೆ ಹಾಕಿದೆ. ಹಿಂದಿನ ದಿನವೇ ನಮ್ಮವರಿಗೆ ಹೊಸ ಖಾನೆ ಕಟ್ಟಿ ಬಂದಿದ್ದೆ. ಸೂತ್ರ ನಾಲ್ಕು ಹಾಕಿದ್ದೆ, ಪದ-ಊಹೆ ಹಾಕಿರಲಿಲ್ಲ. ಊಹೆಯಿಲ್ಲದಿದ್ದರೆ ವಾಕ್ಯ ತಾನಾಗಿ ತುಂಬಿಕೊಳ್ಳುವುದಿಲ್ಲ. ಒಂದೊಂದು ಅಕ್ಷರವನ್ನೂ ಅವರೇ ಮಿಡಿಯಬೇಕು. ತಪ್ಪಿದರೆ ತಪ್ಪಿದ್ದೇ ಕೇಳುತ್ತದೆ. ಆಗ ಬಂದದ್ದು ಅವರದೇ ಮಾತು.

ಎದುರಿಗೆ ಮಣೆ ಹಾಕಿಕೊಂಡು ಕೂತೆ. “ಹೊಸಾದು ಹಾಕೀನಿ. ಸಾವಕಾಶ ಆಡ್ರಿ,” ಎಂದೆ.

ಆಮೇಲೆ ಒಡಕು ದನಿಯಲ್ಲಿ, ಅಕ್ಷರ ಅಕ್ಷರ ಬಿಡಿಸಿ, “ಕಾ... ಲು... ನೋ... ತು,” ಎಂದರು.

“ಹೂಂ.”

“ನಾ... ಕ... ತಿಂ... ಗ... ಳು.”

“ಗೊತ್ತಾತ್ರಿ. ಯಂತ್ರದಾಗ ನೋಡಿದೆ. ಇನ್ನೂರ ಹದಿನಾರ ಸಲ.”

ಗಂಟಲು ಮಿಡಿಯಿತು. “ಹೆ... ಚ್ಚ... ಇ... ರ... ಬೇ... ಕು.”

ನಗೆಯೋ ಸಿಟ್ಟೋ ಕಣ್ಣಿನಲ್ಲಿ ತಿಳಿಯಲಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಅವರ ಕಣ್ಣು ಓದಬಲ್ಲೆ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದವಳು ನಾನು.

ಕಸ್ತೂರಿಯ ವಿಷಯ ಪೂರ್ತಿ ಹೇಳಿದೆ. ಗಡಿಗೆಯ ವಿಷಯ ಹೇಳಿದೆ. ಅದಕ್ಕೆ, “ನ... ನ... ಗಿಂ... ತ... ಚ... ಲೋ,” ಎಂದರು. ಗಡಿಗೆ ತಮಗಿಂತ ಚೆನ್ನಾಗಿ ಮಾತಾಡಿದೆ ಎಂದು. ಈ ಸಲ ನಗೆಯೇ. ನನಗೆ ನಗಲು ಆಗಲಿಲ್ಲ.

ಮೂರನೆಯ ಪತ್ರ ಬಿಡಿಸಿ ಓದತೊಡಗಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಮುದ್ರಣಾಲಯದಲ್ಲಿ ಕರಡು ಓದಿಸಿಕೊಳ್ಳುವಾಗಲೂ ಹಾಗೇ ಮಾಡುತ್ತಿದ್ದರು. “ಮಧ್ಯಾಹ್ನದ ಗುಳಿಗೆಯಿಂದ ಮಂಪರು ಹೆಚ್ಚಾಗುತ್ತಿದ್ದುದರಿಂದ ಅವರ ಒಳಿತಿಗಾಗಿಯೇ ಅದನ್ನು ನಿಲ್ಲಿಸಿದೆನು” ಎಂಬಲ್ಲಿಗೆ ಬಂದಾಗ ಕಣ್ಣು ತೆರೆದರು.

“ಒ... ಳಿ... ತು.”

“ಹೂಂ?”

“ತ... ಗಿ.”

ಆ ಎರಡು ಅಕ್ಷರಕ್ಕೆ ಅವರ ಹಣೆ ಬೆವರಿತ್ತು. ನಾನು ಪೆನ್ನು ತೆಗೆದುಕೊಂಡು ಆ ಪದಗಳ ಮೇಲೆ ಗೆರೆ ಎಳೆದೆ. ಮೇಲೆ, “ಸಂಜೆ ಅವರು ಎಚ್ಚರವಾಗಿ ನನ್ನ ಜೊತೆ ಇರಲೆಂದು” ಎಂದು ಬರೆದು ಓದಿದೆ. ಅವರು ಕಣ್ಣು ಮುಚ್ಚಿಕೊಂಡರು. ಒಪ್ಪಿಗೆಯೋ ದಣಿವೋ ಎಂದು ಮತ್ತೆ ಸಂಶಯ.

“ನಿಮ್ಮನ್ನ ಆಶ್ರಮಕ್ಕ ಒಯ್ದರೂ ಒಯ್ಯಬೋದು,” ಎಂದೆ. “ಇದು ಹೋದ್ರ.”

ಹೊರಗೆ ಹಸೀನಾಬಿ ಯಾರ ಜೊತೆಗೋ ನೀರಿನ ಟ್ಯಾಂಕರಿಗಾಗಿ ಜಗಳವಾಡುತ್ತಿದ್ದರು. ಜಗಳ ಮುಗಿದು ಕೊಡಗಳ ಸದ್ದು ನಿಂತ ಮೇಲೆ ನಮ್ಮವರ ಗಂಟಲು ಮಿಡಿಯಿತು.

“ಆ... ಹು... ಡು... ಗಿ,” ಎಂದರು. ಸ್ವಲ್ಪ ತಡೆದು, “ಕ... ಳ... ಸು.”

ಹುಡುಗಿಯನ್ನು ಮನೆಗೆ ಕಳಿಸು ಎಂದರೋ, ಪತ್ರ ಕಳಿಸು ಎಂದರೋ ಎಂದು ಕೇಳಲು ಬಾಯಿ ತೆರೆದೆ. ಮುಚ್ಚಿಕೊಂಡೆ. ಎರಡೂ ಒಂದೇ ಕೆಲಸ. ಇನ್ನೂ ಒಂದು ದಿನ ಹಿಡಿದಿಟ್ಟುಕೊಳ್ಳಲು ನಾನು ಕಾರಣ ಹುಡುಕುತ್ತಿದ್ದೆ, ಅಷ್ಟೆ.

ಮಧ್ಯಾಹ್ನದ ಗುಳಿಗೆ ಕೊಟ್ಟು, ನೀರು ಕುಡಿಸಿ, ಹಸೀನಾಬಿಗೆ ಹೇಳಿ ಹೊರಟೆ.

ಅಂಚೆ ಕಚೇರಿಯಲ್ಲಿ ಮೂರು ಗಂಟೆಯ ಚೀಲ ಕಟ್ಟುವ ಹೊತ್ತು. ಗಾಜಿನ ಹಿಂದಿನ ಹೆಣ್ಣುಮಗಳು ಲಕೋಟೆಯನ್ನು ತಿರುಗಿಸಿ ನೋಡಿದಳು. ಮೂಲೆಗಳು ಡ್ರಾವರಿನಲ್ಲಿ ಉಜ್ಜಿ ಉಜ್ಜಿ ಮೆತ್ತಗಾಗಿದ್ದವು.

“ನಾಳೆ ಮುಟ್ಟತೈತೇನವ್ವಾ? ನಾಳೆ ಶುಕ್ರವಾರ.”

“ಜಿಲ್ಲಾ ಕಚೇರಿಗಲ್ರಿ? ನಾಳೆ ಹನ್ನೊಂದಕ್ಕ ಮುಟ್ಟತದ. ರಿಜಿಸ್ಟರ್ ಮಾಡೇನಿ.” ಮುದ್ರೆ ಒತ್ತಿ, ರಸೀದಿ ಹರಿದುಕೊಟ್ಟು, ಲಕೋಟೆಯನ್ನು ಚೀಲಕ್ಕೆ ಹಾಕಿದಳು. ನಾನು ಕಿಟಕಿ ಬಿಟ್ಟು ಕದಲಲಿಲ್ಲ. ಚೀಲದ ಬಾಯಿಯನ್ನು ದಾರದಿಂದ ಬಿಗಿಯುವುದನ್ನು ನೋಡುತ್ತ ನಿಂತೆ.

“ನಿಮ್ಮ ಕಣ್ಣ ಮುಂದನ ಹಾಕೀನಲ್ರಿ ಅಮ್ಮಾ. ಇನ್ನೇನ ಸಂಶೇ?”

“ಸಂಶೇ ನಿನ್ನ ಮ್ಯಾಲಲ್ಲವ್ವಾ,” ಎಂದೆ. “ಗಾಡಿ ಹೋಗೂದ್ರೊಳಗ ನಾನ ತಿರುಗಿ ಬಂದು ಕೇಳಿದ್ರ, ಕೊಡಬ್ಯಾಡ.”

ಅವಳು ನಕ್ಕಳು. ಹೊರಗೆ ಕೆಂಪು ಗಾಡಿಯ ಹಿಂಬಾಗಿಲು ತೆರೆದಿತ್ತು. ಚೀಲ ಒಳಗೆ ಬಿತ್ತು. ಗಾಡಿ ತಿರುವು ದಾಟಿ ಕಾಣದಾಗುವವರೆಗೆ ನಾನು ಮೆಟ್ಟಿಲ ಮೇಲೆ ನಿಂತಿದ್ದೆ.